ನದಿಗೂ ಬೇಕು ಸರಿಯಾದ ಲೆಕ್ಕ: ಅರ್ಕಾವತಿ ಕಲಿಸುವ ಪಾಠ

ಯಾವುದೇ ವ್ಯಾಪಾರ ಸಂಸ್ಥೆಯ ಆರ್ಥಿಕ ಸ್ಥಿತಿಯನ್ನು ಅರಿಯಬೇಕಾದರೆ ಮಾರ್ಚ್ 31ರ ಸಂಜೆ ಅದರ ಗಲ್ಲಾಪೆಟ್ಟಿಗೆಯಲ್ಲಿರುವ ನಗದನ್ನು ಎಣಿಸಿದರೆ ಸಾಲದು. ದಾಸ್ತಾನು, ಬರಬೇಕಾದ ಬಾಕಿ, ಕೊಡಬೇಕಾದ ಸಾಲ, ಯಂತ್ರೋಪಕರಣಗಳ ಸವಕಳಿ, ದಾವೆಗಳಿಂದ ಮುಂದೆ ತಲೆಯ ಮೇಲೆ ಬರಬಹುದಾದ ಹೊಣೆ, ಇವೆಲ್ಲವನ್ನೂ ಪರಿಶೀಲಿಸಿದ ಬಳಿಕವೇ ಅಢಾವೆ ಪತ್ರಿಕೆಗೆ ಸಹಿ ಬೀಳುತ್ತದೆ. ಆದರೆ ಉದ್ಯಮಗಳೆಲ್ಲ ಆಶ್ರಯಿಸಿರುವ ನದಿಗಳ ವಿಷಯದಲ್ಲಿ ಮಾತ್ರ ಒಂದು ದಿನದ ಒಂದು ಬಾಟಲಿ ನೀರನ್ನು ಪರೀಕ್ಷಿಸಿ, ಅದರಿಂದ ಬಂದ ಒಂದೇ ಅಂಕಿಯ ಮೇಲೆ ತೀರ್ಪು ನೀಡುವ ಪದ್ಧತಿ ನಡೆದುಬಂದಿದೆ. ಈ ಅರೆಬರೆ ಲೆಕ್ಕದಿಂದ ನದಿಗೆ ಹಾನಿಯಾಗಿರುವುದು ಎಲ್ಲರಿಗೂ ತಿಳಿದ ಸಂಗತಿ. ಪ್ರಾಮಾಣಿಕ ಸಣ್ಣ ಉದ್ಯಮಿಗೂ ಇದರಿಂದ ಹಾನಿಯಾಗುತ್ತಿದೆ ಎಂಬುದು ಅಷ್ಟಾಗಿ ಚರ್ಚೆಗೆ ಬಂದಿಲ್ಲ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2018ರಲ್ಲಿ ದೇಶದ 323 ನದಿಗಳಲ್ಲಿ 351 ಕಲುಷಿತ ಭಾಗಗಳನ್ನು ಗುರುತಿಸಿತು. ಕರ್ನಾಟಕದ 17 ಭಾಗಗಳು ಆ ಪಟ್ಟಿಯಲ್ಲಿದ್ದವು. ಅರ್ಕಾವತಿಯೂ ಅವುಗಳಲ್ಲಿ ಒಂದು. 2022ರ ಪಟ್ಟಿಯಲ್ಲಿ ದೇಶದ ಒಟ್ಟು ಸಂಖ್ಯೆ 311ಕ್ಕೆ ಇಳಿಯಿತು. ಇಳಿಕೆ ಸಂತೋಷದ ವಿಷಯವೇ. ಆದರೆ ಈ ಪಟ್ಟಿಗೆ ಆಧಾರ ಮುಖ್ಯವಾಗಿ ಒಂದೇ ಅಳತೆ: ಜೈವಿಕ ಆಮ್ಲಜನಕ ಬೇಡಿಕೆ, ಅಂದರೆ ಬಿಒಡಿ. ಅದು ಲೀಟರಿಗೆ 3 ಮಿಲಿಗ್ರಾಂ ಮೀರಿದರೆ ನದಿ ಪಟ್ಟಿಗೆ ಸೇರುತ್ತದೆ. 30 ಮಿಲಿಗ್ರಾಂ ಮೀರಿದರೆ ಮೊದಲ ಆದ್ಯತೆಯ ವರ್ಗಕ್ಕೆ ಹೋಗುತ್ತದೆ. ಪಟ್ಟಿಯಿಂದ ಹೊರಬಂದ ನದಿಯಲ್ಲಿ ಮೀನು ಬದುಕಿದೆಯೇ, ಬೇಸಿಗೆಯಲ್ಲಿ ಹರಿವು ಇದೆಯೇ, ತಳದ ಕೆಸರಿನಲ್ಲಿ ಲೋಹ ಸೇರಿದೆಯೇ ಎಂಬ ಪ್ರಶ್ನೆಗಳಿಗೆ ಆ ಅಂಕಿಯಲ್ಲಿ ಉತ್ತರವಿಲ್ಲ.

ಕಳೆದುಹೋದ ಒಂದು ಆಸ್ತಿ

ಲೆಕ್ಕವಿಡದೆ ಆಸ್ತಿಯೊಂದನ್ನು ಕಳೆದುಕೊಂಡರೆ ಏನಾಗುತ್ತದೆ ಎಂಬುದಕ್ಕೆ ಅರ್ಕಾವತಿಗಿಂತ ಹತ್ತಿರದ ನಿದರ್ಶನ ಬೇಕಿಲ್ಲ. ನಂದಿಬೆಟ್ಟದಲ್ಲಿ ಹುಟ್ಟಿ ಕನಕಪುರ ತಾಲ್ಲೂಕಿನ ಸಂಗಮದಲ್ಲಿ ಕಾವೇರಿಯನ್ನು ಕೂಡುವ ಈ ನದಿಯೇ ಬೆಂಗಳೂರಿನ ಕೊಳವೆ ನೀರಿನ ಮೊದಲ ಮೂಲವಾಗಿತ್ತು. 1890ರ ದಶಕದಲ್ಲಿ ಹೆಸರಘಟ್ಟದಿಂದ ನಗರಕ್ಕೆ ಕೊಳವೆಯ ನೀರು ಬಂದಿತು. 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಸಿದ್ಧವಾಯಿತು. ಮುಂದಿನ ದಶಕಗಳಲ್ಲಿ ಜಲಾನಯನ ಪ್ರದೇಶದ ಅಂತರ್ಜಲ ಕುಸಿಯಿತು, ನೀಲಗಿರಿ ತೋಪುಗಳು ಹಬ್ಬಿದವು, ಬೆಳೆಯುತ್ತಿದ್ದ ಪಟ್ಟಣಗಳ ಕೊಳಚೆ ನದಿಗೆ ಸೇರಿತು. 2010ರ ದಶಕದ ಆರಂಭದ ವೇಳೆಗೆ ತಿಪ್ಪಗೊಂಡನಹಳ್ಳಿಯಿಂದ ನಗರಕ್ಕೆ ನೀರು ಪೂರೈಸುವುದೇ ನಿಂತಿತು.

ಈ ಆಸ್ತಿಯ ಬದಲಿಗೆ ಬಂದುದು ಕಾವೇರಿ. 1974ರಲ್ಲಿ ಮೊದಲ ಹಂತ ಆರಂಭವಾಯಿತು. 2024ರ ಅಕ್ಟೋಬರ್‌ನಲ್ಲಿ ದಿನಕ್ಕೆ 775 ದಶಲಕ್ಷ ಲೀಟರ್ ಸಾಮರ್ಥ್ಯದ ಐದನೆಯ ಹಂತ ಉದ್ಘಾಟನೆಗೊಂಡಿತು. ಈ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಏರಿ ಬರಬೇಕು. ಜಲಮಂಡಳಿಯ ವೆಚ್ಚದಲ್ಲಿ ವಿದ್ಯುತ್ ಬಿಲ್ಲಿನದೇ ದೊಡ್ಡ ಪಾಲು. 2014ರ ನಂತರ ಮೊದಲ ಬಾರಿಗೆ 2025ರ ಏಪ್ರಿಲ್‌ನಲ್ಲಿ ನೀರಿನ ದರ ಏರಿತು. ಅದಕ್ಕೂ ಮುನ್ನ 2024ರ ಬೇಸಿಗೆಯಲ್ಲಿ ನೀರಿನ ಅಭಾವ ಎಷ್ಟು ತೀವ್ರವಾಯಿತೆಂದರೆ ಖಾಸಗಿ ಟ್ಯಾಂಕರುಗಳ ದರಕ್ಕೆ ಜಿಲ್ಲಾಡಳಿತವೇ ಮಿತಿ ನಿಗದಿಪಡಿಸಬೇಕಾಯಿತು. ಟ್ಯಾಂಕರ್ ನೀರು ಕೊಂಡು ಯಂತ್ರ ನಡೆಸಿದ ಸಣ್ಣ ಕಾರ್ಖಾನೆಯವರಿಗೆ ಆ ವರ್ಷದ ಖರ್ಚಿನ ಪುಸ್ತಕ ಇನ್ನೂ ನೆನಪಿರಬೇಕು. ಸ್ಥಳೀಯ ನದಿಯ ನಷ್ಟವು ಯಾರ ಲಾಭ-ನಷ್ಟ ಖಾತೆಯಲ್ಲೂ ಆ ಹೆಸರಿನಿಂದ ಕಾಣಿಸಲಿಲ್ಲ. ನೀರಿನ ಬಿಲ್ಲಿನಲ್ಲಿ, ಟ್ಯಾಂಕರ್ ರಸೀದಿಯಲ್ಲಿ, ಕೊಳವೆಬಾವಿಯ ಆಳದಲ್ಲಿ ಚದುರಿಹೋಯಿತು.

ಅರ್ಕಾವತಿಯ ಉಪನದಿ ವೃಷಭಾವತಿಯ ಕಥೆ ಇನ್ನೂ ಕಠಿಣವಾದುದು. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಡಿಯಲ್ಲಿ ಹುಟ್ಟುವುದೆಂಬ ನಂಬಿಕೆಯಿಂದ ಹೆಸರು ಪಡೆದ ಈ ನದಿ ಮೈಸೂರು ರಸ್ತೆಯ ಬದಿಯಲ್ಲಿ, ಕೆಂಗೇರಿಯ ಮಾರ್ಗವಾಗಿ ಬಿಡದಿಯ ಸಮೀಪದ ಬೈರಮಂಗಲ ಜಲಾಶಯವನ್ನು ಸೇರುತ್ತದೆ. ನಗರದ ಮನೆಗಳ ಕೊಳಚೆಯೂ ಪೀಣ್ಯ ಮೊದಲಾದ ಕೈಗಾರಿಕಾ ಪ್ರದೇಶಗಳ ತ್ಯಾಜ್ಯ ಜಲವೂ ಅದರಲ್ಲಿ ಕೂಡಿವೆ. 1940ರ ದಶಕದಲ್ಲಿ ಬೇಸಾಯಕ್ಕಾಗಿ ಕಟ್ಟಿದ ಆ ಜಲಾಶಯದ ಕೆಳಗೆ ಇಂದು ಅದೇ ನೀರಿನಿಂದ ಹಿಪ್ಪುನೇರಳೆ, ಬೇಬಿ ಕಾರ್ನ್, ಮೇವಿನ ಹುಲ್ಲು ಬೆಳೆಯುತ್ತವೆ. ಆ ಮೇವು ತಿಂದ ಹಸುವಿನ ಹಾಲು, ಆ ಸೊಪ್ಪು ತಿಂದ ಹುಳುವಿನ ಗೂಡು ಮತ್ತೆ ಮಾರುಕಟ್ಟೆಗೇ ಬರುತ್ತವೆ.

ಒಂದೇ ಅಂಕಿಯ ಮಿತಿಗಳು

ನೀರಿನಲ್ಲಿರುವ ಸಾವಯವ ಕೊಳೆಯನ್ನು ಸೂಕ್ಷ್ಮಜೀವಿಗಳು ಅರಗಿಸಲು ಎಷ್ಟು ಆಮ್ಲಜನಕ ಬೇಕಾಗುತ್ತದೆ ಎಂಬುದನ್ನು ಬಿಒಡಿ ಪರೀಕ್ಷೆ ಅಳೆಯುತ್ತದೆ. ಭಾರತದಲ್ಲಿ ಸಾಮಾನ್ಯವಾಗಿ 27 ಡಿಗ್ರಿ ಉಷ್ಣತೆಯಲ್ಲಿ ಮೂರು ದಿನ ಮಾದರಿಯನ್ನು ಇರಿಸಿ ಲೆಕ್ಕ ಹಾಕುತ್ತಾರೆ. ಮನೆಗಳ ಕೊಳಚೆಗೆ ಇದು ಒಳ್ಳೆಯ ಅಳತೆ. ಆದರೆ ನಿಕ್ಕಲ್, ಕ್ರೋಮಿಯಂ, ಸತುವಿನಂಥ ಲೋಹಗಳನ್ನು ಇದು ತೋರಿಸುವುದಿಲ್ಲ. ಅಷ್ಟೇ ಅಲ್ಲ, ನೀರಿನಲ್ಲಿ ವಿಷ ಹೆಚ್ಚಾಗಿದ್ದರೆ ಪರೀಕ್ಷೆಯ ಸೂಕ್ಷ್ಮಜೀವಿಗಳೇ ಸತ್ತು, ಬಿಒಡಿ ವಾಸ್ತವಕ್ಕಿಂತ ಕಡಿಮೆ ಕಾಣಿಸಬಹುದು. ಹೊಣೆಗಳನ್ನು ಮರೆಮಾಚಿ ಲಾಭ ತೋರಿಸುವ ಲೆಕ್ಕದಂತೆ ಇದು ಅಪಾಯಕಾರಿ.

ಮಾದರಿ ಸಂಗ್ರಹಿಸುವ ಸಮಯವೂ ಮುಖ್ಯ. ತಿಂಗಳಿಗೊಮ್ಮೆ ಹಗಲಿನಲ್ಲಿ ಒಂದು ಬಾಟಲಿ ತುಂಬಿಕೊಂಡರೆ ರಾತ್ರಿ ಎರಡು ಗಂಟೆಗೆ ಚರಂಡಿಗೆ ಸುರಿದ ಟ್ಯಾಂಕರ್ ಆ ಲೆಕ್ಕಕ್ಕೆ ಸಿಗುವುದಿಲ್ಲ. ಮುನ್ಸೂಚನೆ ಕೊಟ್ಟು ದಾಸ್ತಾನು ತಪಾಸಣೆಗೆ ಹೋಗುವ ಲೆಕ್ಕ ಪರಿಶೋಧಕನಿಗೆ ಸಿಗುವ ಫಲಿತಾಂಶವೇ ಇಲ್ಲಿಯೂ ಸಿಗುತ್ತದೆ.

ಇನ್ನೊಂದು ಸರಳ ಗಣಿತವನ್ನು ಉದ್ಯಮಿಗಳು ಗಮನಿಸಬೇಕು. ಸಂಸ್ಕರಿಸಿದ ತ್ಯಾಜ್ಯ ಜಲವನ್ನು ನದಿಗೆ ಬಿಡಲು ಕಾನೂನಿನ ಸಾಮಾನ್ಯ ಮಿತಿ ಲೀಟರಿಗೆ 30 ಮಿಲಿಗ್ರಾಂ ಬಿಒಡಿ. ಕೆಲವು ಘಟಕಗಳಿಗೆ ಇದಕ್ಕಿಂತ ಬಿಗಿಯಾದ ಮಿತಿಗಳೂ ಉಂಟು. ಆದರೆ ಸ್ನಾನಯೋಗ್ಯ ನದಿಯ ಮಿತಿ 3 ಮಿಲಿಗ್ರಾಂ. ಅಂದರೆ ಮಿತಿಯೊಳಗೇ ಇರುವ ಒಂದು ಲೀಟರ್ ತ್ಯಾಜ್ಯ ಜಲ ನದಿಯಲ್ಲಿ ಸ್ನಾನಯೋಗ್ಯವಾಗಿ ಬೆರೆಯಲು ಕನಿಷ್ಠ ಒಂಬತ್ತು ಲೀಟರ್ ಪೂರ್ಣ ಶುದ್ಧ ನೀರು ಬೇಕು. ನದಿಯ ಸಹಜ ನೀರಿನಲ್ಲೇ ಒಂದು ಮಿಲಿಗ್ರಾಂ ಬಿಒಡಿ ಇದ್ದರೆ ಹದಿಮೂರೂವರೆ ಲೀಟರ್ ಬೇಕಾಗುತ್ತದೆ. ಬೇಸಿಗೆಯ ವೃಷಭಾವತಿಯಲ್ಲಿ ಅಷ್ಟು ಸಹಜ ನೀರು ಎಲ್ಲಿಂದ ಬರಬೇಕು? ಆಗ ಅದರಲ್ಲಿ ಹರಿಯುವುದೇ ತ್ಯಾಜ್ಯ ಜಲ. ಪ್ರತಿಯೊಂದು ಕಾರ್ಖಾನೆಯೂ ಕಾನೂನನ್ನು ಅಕ್ಷರಶಃ ಪಾಲಿಸಿದರೂ ನದಿ ಕಲುಷಿತವಾಗಿಯೇ ಉಳಿಯುತ್ತದೆ.

ಹರಿವು ನದಿಯ ಮೂಲ ಬಂಡವಾಳ. ಬಂಡವಾಳವೇ ಇಲ್ಲದ ಸಂಸ್ಥೆ ಸಣ್ಣ ನಷ್ಟವನ್ನೂ ತಾಳಲಾರದು. ಈ ಬಂಡವಾಳಕ್ಕೆ ನೀತಿಯಲ್ಲಿ ದೊರೆತಿರುವ ಸ್ಥಾನ ಅಲ್ಪ. ಕಾವೇರಿ ವಿವಾದದಲ್ಲಿ ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ನೀಡಿದ ತೀರ್ಪಿನಂತೆ 740 ಟಿಎಂಸಿ ಅಡಿ ನೀರಿನಲ್ಲಿ ಪರಿಸರ ರಕ್ಷಣೆಗೆ ಮೀಸಲಾದುದು 10 ಟಿಎಂಸಿ ಅಡಿ, ಅಂದರೆ ಶೇಕಡ 1.35ರಷ್ಟು. ಅದೇ ವರ್ಷ ಕೇಂದ್ರ ಸರ್ಕಾರವು ಗಂಗೆಯ ಮೇಲ್ಭಾಗಕ್ಕೆ ಋತುಮಾನಕ್ಕೆ ಅನುಗುಣವಾಗಿ ತಿಂಗಳ ಸರಾಸರಿ ಹರಿವಿನ ಶೇಕಡ 20ರಿಂದ 30ರಷ್ಟನ್ನು ನದಿಯಲ್ಲಿಯೇ ಉಳಿಸಬೇಕೆಂದು ಅಧಿಸೂಚನೆ ಹೊರಡಿಸಿತು. ಅರ್ಕಾವತಿಯಂಥ ಸಣ್ಣ ನದಿಗಳಿಗೂ ಅಂಥದೊಂದು ಲೆಕ್ಕ ಬೇಕಾಗಿದೆ.

ಜೀವಿಗಳೇ ಸಾಕ್ಷಿ

ಹಾಗಾದರೆ ನದಿಯ ಆರೋಗ್ಯವನ್ನು ಅಳೆಯುವುದು ಹೇಗೆ? ಇದಕ್ಕೆ ಉತ್ತರ ನದಿಯ ತಳದಲ್ಲಿಯೇ ಇದೆ. ಕಲ್ಲುಗಳ ಅಡಿಯಲ್ಲಿ ಬದುಕುವ ಸಣ್ಣ ಜೀವಿಗಳು ಓಡಿಹೋಗಲಾರವು. ಕಳೆದ ಹಲವು ತಿಂಗಳುಗಳಲ್ಲಿ ಹರಿದುಹೋದ ನೀರನ್ನೆಲ್ಲ ಅವು ಅನುಭವಿಸಿರುತ್ತವೆ. ಸ್ಟೋನ್‌ಫ್ಲೈ, ಮೇಫ್ಲೈ ಎಂಬ ಕೀಟಗಳ ಮರಿಗಳು ಆಮ್ಲಜನಕ ತುಂಬಿದ ಶುದ್ಧ ನೀರಿನಲ್ಲಿ ಮಾತ್ರ ಚೆನ್ನಾಗಿ ಉಳಿಯುತ್ತವೆ. ಕೊಳಕು ಹೆಚ್ಚಿದಂತೆ ಅವು ಮಾಯವಾಗಿ, ಕೆಸರಿನ ಎರೆಹುಳುಗಳೂ ಕೆಂಪು ಮರಿಹುಳುಗಳೂ ಮಾತ್ರ ಉಳಿಯುತ್ತವೆ. ಬ್ರಿಟನ್ನಿನಲ್ಲಿ 1970ರ ದಶಕದಲ್ಲಿ ರೂಪುಗೊಂಡ ಅಂಕಪದ್ಧತಿಯು ಪ್ರತಿಯೊಂದು ಜೀವಿ ಕುಟುಂಬಕ್ಕೆ ಅದರ ಸೂಕ್ಷ್ಮತೆಗೆ ತಕ್ಕಂತೆ ಒಂದರಿಂದ ಹತ್ತರವರೆಗೆ ಅಂಕ ನೀಡುತ್ತದೆ. ಭಾರತದ ಕೇಂದ್ರ ಮಂಡಳಿಯೂ ಯಮುನಾ ನದಿಯ ಅಧ್ಯಯನವನ್ನು ಆಧರಿಸಿ ಇಂಥದೇ ಜೈವಿಕ ಮಾನದಂಡವನ್ನು ಸಿದ್ಧಪಡಿಸಿ, ನದಿಗಳನ್ನು ಶುದ್ಧದಿಂದ ತೀವ್ರ ಕಲುಷಿತದವರೆಗೆ ಐದು ದರ್ಜೆಗಳಲ್ಲಿ ವಿಂಗಡಿಸಿದೆ. ಬಲೆ, ಬಿಳಿ ತಟ್ಟೆ, ಭೂತಗನ್ನಡಿ ಮತ್ತು ತರಬೇತಿ ಪಡೆದ ಇಬ್ಬರು ಇದ್ದರೆ ಈ ತಪಾಸಣೆಗೆ ಸಾಕು. ಪದ್ಧತಿ ದೇಶದಲ್ಲಿ ಇದ್ದೂ ಕಲುಷಿತ ನದಿಗಳ ಪಟ್ಟಿಗೆ ಆಧಾರವಾಗಿಲ್ಲ ಎಂಬುದೇ ಕೊರತೆ.

ಬಾಟಲಿಯ ನೀರು ಆ ದಿನದ ನಗದು ಪುಸ್ತಕವಾದರೆ, ತಳದ ಜೀವಿಗಳು ವರ್ಷದ ಖಾತೆ ಪುಸ್ತಕ. ರಾತ್ರಿ ಸುರಿದ ವಿಷವನ್ನು ಬೆಳಗಿನ ಬಾಟಲಿ ಮರೆಯಬಹುದು. ತಳದ ಜೀವಿಗಳ ಪಟ್ಟಿಯಲ್ಲಿ ಅದರ ಗುರುತು ಉಳಿಯುತ್ತದೆ.

ಯೂರೋಪಿನ ಒಕ್ಕೂಟವು 2000ರಲ್ಲಿ ಜಾರಿಗೆ ತಂದ ಜಲ ನೀತಿಯಲ್ಲಿ ಇನ್ನೊಂದು ಕಟ್ಟುನಿಟ್ಟಾದ ನಿಯಮವಿದೆ. ನದಿಯ ಜೀವಿಗಳು, ರಸಾಯನ, ಹರಿವು ಮತ್ತು ಪಾತ್ರದ ಸ್ವರೂಪ ಇವುಗಳನ್ನು ಬೇರೆಬೇರೆಯಾಗಿ ಪರಿಶೀಲಿಸಿ, ಜೀವಿಗಳ ಸ್ಥಿತಿಗೆ ಪ್ರಧಾನ ಸ್ಥಾನ ನೀಡಲಾಗುತ್ತದೆ. ಒಂದು ಅಂಶದಲ್ಲಿ ನದಿ ಕೆಟ್ಟಿದ್ದರೆ ಉಳಿದವುಗಳ ಸರಾಸರಿ ತೆಗೆದು ಅದನ್ನು ಮುಚ್ಚಿಹಾಕುವಂತಿಲ್ಲ. ಎಲ್ಲ ನದಿಗಳನ್ನೂ 2015ರೊಳಗೆ ಉತ್ತಮ ಸ್ಥಿತಿಗೆ ತರುವ ಗುರಿ ಈಡೇರದೆ 2027ಕ್ಕೆ ಮುಂದೂಡಲ್ಪಟ್ಟಿರುವುದೂ ನಿಜ. ಆದರೆ ಗುರಿ ತಪ್ಪಿದೆ ಎಂಬ ಸಂಗತಿ ಬೆಳಕಿಗೆ ಬಂದಿರುವುದೇ ಆ ಕಟ್ಟುನಿಟ್ಟಾದ ಲೆಕ್ಕದಿಂದ.

ಕೈಗಾರಿಕೆಯ ನದಿ ಎಂದೇ ಹೆಸರಾದ ರೈನ್ ಇಲ್ಲಿ ಗಮನಾರ್ಹ. 1986ರ ನವೆಂಬರ್ 1ರಂದು ಸ್ವಿಟ್ಜರ್ಲೆಂಡಿನ ಬಾಸೆಲ್ ಬಳಿ ರಾಸಾಯನಿಕ ಉಗ್ರಾಣಕ್ಕೆ ಬೆಂಕಿ ಬಿದ್ದು, ಬೆಂಕಿ ನಂದಿಸಿದ ನೀರಿನೊಡನೆ ಕೀಟನಾಶಕಗಳು ನದಿಗೆ ಹರಿದು ಅಪಾರ ಮೀನುಗಳು ಸತ್ತವು. ಮರುವರ್ಷವೇ ದಡದ ದೇಶಗಳು ಒಂದು ಕಾರ್ಯಯೋಜನೆ ಒಪ್ಪಿಕೊಂಡವು. 2000ದ ವೇಳೆಗೆ ಸಾಲ್ಮನ್ ಮೀನು ರೈನ್‌ಗೆ ಮರಳಬೇಕು ಎಂಬುದು ಅದರ ಎದ್ದುಕಾಣುವ ಗುರಿಯಾಗಿತ್ತು. ಮೀನು ಮರಳಬೇಕಾದರೆ ನೀರು ಶುದ್ಧವಾಗಬೇಕು, ಅಣೆಕಟ್ಟುಗಳಲ್ಲಿ ಮೀನಿನ ದಾರಿ ಬೇಕು, ಮೊಟ್ಟೆಯಿಡಲು ಜಲ್ಲಿಯ ತಳ ಬೇಕು. ಒಂದು ಜೀವಿಯನ್ನು ಗುರಿಯಾಗಿಸಿದ್ದರಿಂದ ಇವೆಲ್ಲವೂ ಕೆಲಸದ ಪಟ್ಟಿಗೆ ಬಂದವು. ಸಾಲ್ಮನ್ ಮರಳಲಾರಂಭಿಸಿತು, ಮೇಲ್ಭಾಗದ ಅಡ್ಡಗಟ್ಟೆಗಳ ಕೆಲಸ ಇನ್ನೂ ಪೂರ್ಣಗೊಂಡಿಲ್ಲ. ದಡದ ರಾಸಾಯನಿಕ ಉದ್ಯಮವಂತೂ ಇಂದಿಗೂ ಅಲ್ಲಿಯೇ ಇದೆ.

ತಡವಾದ ಲೆಕ್ಕದ ಬೆಲೆ: ತಿರುಪ್ಪೂರು

ಲೆಕ್ಕವನ್ನು ಮುಂದೂಡಿದರೆ ಏನಾಗುವುದೆಂಬುದನ್ನು ಕಾವೇರಿಯ ಇನ್ನೊಂದು ಉಪನದಿ ನೊಯ್ಯಲ್ ತೋರಿಸಿದೆ. ತಮಿಳುನಾಡಿನ ತಿರುಪ್ಪೂರಿನ ಬಣ್ಣದ ಘಟಕಗಳ ಉಪ್ಪು ತುಂಬಿದ ನೀರು ಈ ನದಿಯನ್ನು ಸೇರುತ್ತಿತ್ತು. ಬೇಸಾಯಕ್ಕೆಂದು 1992ರಲ್ಲಿ ಒರತ್ತುಪಾಳಯಂ ಅಣೆಕಟ್ಟು ಕಟ್ಟಲಾಯಿತು. ಕೆಲವೇ ವರ್ಷಗಳಲ್ಲಿ ಅದು ತ್ಯಾಜ್ಯದ ತೊಟ್ಟಿಯಾಗಿ, ನೀರು ಬಿಡಬೇಡಿರೆಂದು ರೈತರೇ ಕೇಳಿಕೊಳ್ಳುವಂತಾಯಿತು. 2006ರಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯವು ಶೂನ್ಯ ವಿಸರ್ಜನೆಗೆ ಆದೇಶಿಸಿ, ಬಿಟ್ಟ ತ್ಯಾಜ್ಯಕ್ಕೆ ಲೀಟರಿಗೆ ಇಷ್ಟು ಪೈಸೆಯೆಂದು ದಂಡ ವಿಧಿಸಿತು. 2009ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಉದ್ಯಮಿಗಳ ಹೊಣೆಯನ್ನು ಎತ್ತಿಹಿಡಿಯಿತು. ಪಾಲನೆಯಾಗದ್ದರಿಂದ 2011ರ ಜನವರಿಯಲ್ಲಿ ಏಳುನೂರಕ್ಕೂ ಹೆಚ್ಚು ಬಣ್ಣದ ಘಟಕಗಳನ್ನು ಮುಚ್ಚುವಂತೆ ಆದೇಶ ಬಂದಿತು.

ಆ ದಿನ ಸಂಸ್ಕರಣೆಗೆ ಹಣ ಹಾಕಿದವನೂ ಹಾಕದವನೂ ಒಂದೇ ಸಾಲಿನಲ್ಲಿ ನಿಲ್ಲಬೇಕಾಯಿತು. ಬಳಿಕ ರಾಜ್ಯ ಸರ್ಕಾರ ಬಡ್ಡಿರಹಿತ ಸಾಲ ನೀಡಿತು. ಸಾಮೂಹಿಕ ಘಟಕಗಳು ನೀರಿನ ಬಹುಭಾಗವನ್ನೂ ಉಪ್ಪನ್ನೂ ಮರಳಿ ಪಡೆದು ಬಳಸುವುದನ್ನು ಕಲಿತವು. ರಫ್ತೂ ಹಿಂದಿಗಿಂತ ಬೆಳೆಯಿತು. ಕಡೆಗೂ ಅದೇ ಹಣ ಖರ್ಚಾಯಿತು. ಆದರೆ ಮುಚ್ಚಿದ ತಿಂಗಳುಗಳ ನಷ್ಟ, ಕೈತಪ್ಪಿದ ಆರ್ಡರು, ಊರು ಬಿಟ್ಟ ಕಾರ್ಮಿಕರು ಇವೆಲ್ಲ ಹೆಚ್ಚುವರಿಯಾಗಿ ಸೇರಿದವು.

ತೆರಿಗೆಯ ದೃಷ್ಟಿಯಿಂದಲೂ ಇದನ್ನು ನೋಡಬೇಕು. ಸಂಸ್ಕರಣಾ ಯಂತ್ರಕ್ಕೆ ಹಾಕಿದ ಹಣಕ್ಕೆ ಸವಕಳಿ ಸಿಗುತ್ತದೆ. ಅದನ್ನು ನಡೆಸುವ ಖರ್ಚು ವ್ಯವಹಾರದ ವೆಚ್ಚವಾಗುತ್ತದೆ. ಕಾನೂನು ಉಲ್ಲಂಘನೆಗೆ ತೆತ್ತ ದಂಡವನ್ನು ಮಾತ್ರ ಆದಾಯದಿಂದ ಕಳೆಯಲು ಅವಕಾಶವಿಲ್ಲ. ಮಾಲಿನ್ಯ ಮಾಡಿದವನೇ ಬೆಲೆ ತೆರಬೇಕೆಂಬ ತತ್ವವನ್ನು ಸರ್ವೋಚ್ಚ ನ್ಯಾಯಾಲಯ 1996ರ ವೆಲ್ಲೂರು ಪ್ರಕರಣದಲ್ಲಿಯೇ ದೇಶದ ಕಾನೂನಿನ ಭಾಗವೆಂದು ಒಪ್ಪಿದೆ. 2017ರಲ್ಲಿ, ಸಂಸ್ಕರಣಾ ಘಟಕ ಕೆಲಸ ಮಾಡದ ಕೈಗಾರಿಕೆಗಳು ನಡೆಯಲು ಬಿಡಬಾರದೆಂದು ಅದೇ ನ್ಯಾಯಾಲಯ ಆದೇಶಿಸಿದೆ. ಇದಲ್ಲದೆ 2022–23ರಿಂದ ಷೇರುಪೇಟೆಯ ಅಗ್ರ 1000 ಕಂಪನಿಗಳು ಪರಿಸರ ಹೊಣೆಗಾರಿಕೆಯ ವರದಿ ನೀಡುವುದು ಕಡ್ಡಾಯವಾಗಿದೆ. ಅವುಗಳಿಗೆ ಬಿಡಿಭಾಗ ಪೂರೈಸುವ ಸಣ್ಣ ಘಟಕಕ್ಕೂ ಇಂದಲ್ಲ ನಾಳೆ ಆ ಪ್ರಶ್ನಾವಳಿ ಬಂದೇ ಬರುತ್ತದೆ.

ಸಣ್ಣವನ ಮೇಲೇಕೆ ಭಾರ?

ವೃಷಭಾವತಿಯಲ್ಲಿ ಹರಿಯುವುದರಲ್ಲಿ ಸಿಂಹಪಾಲು ಮನೆಗಳ ಕೊಳಚೆ. ಹೀಗಿರುವಾಗ ನೋಟೀಸು ಸಣ್ಣ ಕಾರ್ಖಾನೆಗೇ ಏಕೆ ಬರಬೇಕು ಎಂಬ ಆಕ್ಷೇಪ ಸಹಜವಾದುದು, ಅದರಲ್ಲಿ ನ್ಯಾಯವೂ ಇದೆ. ಕೊಳಚೆಗೆ ವಿಳಾಸವಿಲ್ಲ. ಕಾರ್ಖಾನೆಗೆ ವಿಳಾಸವಿದೆ, ಸಮ್ಮತಿ ಪತ್ರವಿದೆ, ವಿದ್ಯುತ್ ಸಂಪರ್ಕವಿದೆ. ಪಾಲು ಗೊತ್ತಿಲ್ಲದ ಸಾಲವನ್ನು ಕೈಗೆ ಸಿಕ್ಕವನಿಂದಲೇ ವಸೂಲು ಮಾಡಲಾಗುತ್ತದೆ.

ಆದರೆ ಈ ಆಕ್ಷೇಪಕ್ಕೆ ಪರಿಹಾರ ಇನ್ನಷ್ಟು ಲೆಕ್ಕವೇ ಹೊರತು ಲೆಕ್ಕದಿಂದ ತಪ್ಪಿಸಿಕೊಳ್ಳುವುದಲ್ಲ. ಕೈಗಾರಿಕಾ ಪ್ರದೇಶದ ಮೇಲೆ ಮತ್ತು ಕೆಳಗೆ ಜೀವಿಗಳ ಅಂಕವೂ ಕೆಸರಿನ ಲೋಹವೂ ಪ್ರತ್ಯೇಕವಾಗಿ ದಾಖಲಾದರೆ ಯಾರ ಪಾಲು ಎಷ್ಟು ಎಂಬುದು ತಿಳಿಯುತ್ತದೆ. ಮನೆಗಳ ಕೊಳಚೆಗೆ ಸ್ಥಳೀಯ ಆಡಳಿತ ಉತ್ತರಿಸಬೇಕಾಗುತ್ತದೆ. ಲೋಹವನ್ನು ಕದ್ದು ಸುರಿಯುವ ನೆರೆಯವನು ಸಿಕ್ಕಿಬೀಳುತ್ತಾನೆ. ಅವನು ಉಳಿಸಿದ ಖರ್ಚಿನ ಬಲದಿಂದ ಕಡಿಮೆ ದರ ನಮೂದಿಸಿ ಕಸಿದುಕೊಂಡ ಆರ್ಡರುಗಳು ಪ್ರಾಮಾಣಿಕ ಘಟಕಗಳದ್ದೇ ಅಲ್ಲವೇ?

ವಾಣಿಜ್ಯೋದ್ಯಮ ಸಂಸ್ಥೆಗಳು ಕೇಳಬೇಕಾದುದು

2018ರ ಸೆಪ್ಟೆಂಬರ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಆದೇಶದಂತೆ ರಾಜ್ಯಗಳಲ್ಲಿ ನದಿ ಪುನಶ್ಚೇತನ ಸಮಿತಿಗಳು ರಚನೆಯಾದವು. ಈ ಹಿನ್ನೆಲೆಯಲ್ಲಿ ವಾಣಿಜ್ಯೋದ್ಯಮ ಸಂಸ್ಥೆಗಳು ನಾಲ್ಕು ಬೇಡಿಕೆಗಳನ್ನು ಮುಂದಿಡುವುದು ಸೂಕ್ತ.

ಮೊದಲನೆಯದಾಗಿ, ಅರ್ಕಾವತಿ ಮತ್ತು ವೃಷಭಾವತಿಯ ಪ್ರತಿಯೊಂದು ಭಾಗಕ್ಕೂ ಮಳೆಗಾಲದ ಮೊದಲು ಮತ್ತು ನಂತರ ಹರಿವು, ರಸಾಯನ, ಕೆಸರು, ಜೀವಿಗಳು ಎಂಬ ನಾಲ್ಕು ಬಾಬುಗಳ ಲೆಕ್ಕವನ್ನು ಕನ್ನಡದಲ್ಲಿ, ಒಂದು ಪುಟದಲ್ಲಿ ಪ್ರಕಟಿಸಬೇಕು. ಅತ್ಯಂತ ಕೆಳಗಿನ ಬಾಬಿನ ದರ್ಜೆಯೇ ನದಿಯ ದರ್ಜೆಯಾಗಬೇಕು.

ಎರಡನೆಯದಾಗಿ, ಕೈಗಾರಿಕಾ ಪ್ರದೇಶಗಳ ಹೊರ ಕಾಲುವೆಗಳಲ್ಲಿ ಮಂಡಳಿಯೂ ಉದ್ಯಮಿಗಳ ಸಂಘವೂ ಕೂಡಿ ಇಡೀ ದಿನದ, ರಾತ್ರಿಯೂ ಸೇರಿದಂತೆ, ಮಾದರಿ ಸಂಗ್ರಹಿಸುವ ವ್ಯವಸ್ಥೆ ಬರಬೇಕು.

ಮೂರನೆಯದಾಗಿ, ಸ್ವಂತ ಘಟಕ ಕಟ್ಟಲಾಗದ ಸಣ್ಣವರಿಗೆ ಸಾಮೂಹಿಕ ಸಂಸ್ಕರಣಾ ಘಟಕಗಳು ದೊರೆಯಬೇಕು. ಅವುಗಳ ಶುಲ್ಕವು ನಿವೇಶನದ ಅಳತೆಯ ಮೇಲಲ್ಲದೆ, ಮೀಟರಿನಲ್ಲಿ ಅಳೆದ ನೀರು ಮತ್ತು ಅದರಲ್ಲಿರುವ ಕಲ್ಮಶದ ಮೇಲೆ ನಿಗದಿಯಾಗಬೇಕು. ಕಡಿಮೆ ಬಿಟ್ಟವನಿಗೆ ಕಡಿಮೆ ಶುಲ್ಕ ಎಂದಾಗ ಉಳಿತಾಯದ ಬುದ್ಧಿ ತಾನಾಗಿ ಬರುತ್ತದೆ.

ನಾಲ್ಕನೆಯದಾಗಿ, ಪುನಶ್ಚೇತನದ ಹಣ ಮೊದಲು ಒಳಚರಂಡಿ ಜೋಡಣೆಗೂ ಸಹಜ ಹರಿವನ್ನು ಮರಳಿಸುವುದಕ್ಕೂ ಹೋಗಬೇಕು. ಕಾಂಕ್ರೀಟ್ ಗೋಡೆ, ನಡಿಗೆಪಥ, ದೀಪಾಲಂಕಾರಗಳ ಸರದಿ ಕೊನೆಯದು. ನದಿಯ ಪಾತ್ರಕ್ಕೆ ಕಾಂಕ್ರೀಟ್ ಹಾಸಿದರೆ ಜೀವಿಗಳಿಗೆ ನೆಲೆಯೇ ಇರದು. ಗುತ್ತಿಗೆದಾರನ ಕೊನೆಯ ಕಂತಿನ ಬಿಲ್ಲು ಪಾಸಾಗುವ ಮುನ್ನ ಆ ಭಾಗದ ಜೈವಿಕ ಅಂಕ ಕಾಮಗಾರಿಗೆ ಮೊದಲು ಎಷ್ಟಿತ್ತು, ಈಗ ಎಷ್ಟಿದೆ ಎಂಬುದು ಕಡತದಲ್ಲಿರಬೇಕು.

ಈ ನಾಲ್ಕರಲ್ಲಿ ಮೊದಲನೆಯದಕ್ಕೆ ಹೆಚ್ಚು ಹಣ ಬೇಕಿಲ್ಲ, ಹೊಸ ಕಾನೂನೂ ಬೇಕಿಲ್ಲ. 1974ರ ಜಲ ಕಾಯಿದೆಯಡಿ ಸ್ಥಾಪಿತವಾದ ಮಂಡಳಿ ಇದೆ, ಮಾನದಂಡ ಸಿದ್ಧವಿದೆ, ರಾಜ್ಯದ ಕಾಲೇಜುಗಳಲ್ಲಿ ಪ್ರಾಣಿಶಾಸ್ತ್ರದ ಅಧ್ಯಾಪಕರೂ ವಿದ್ಯಾರ್ಥಿಗಳೂ ಇದ್ದಾರೆ. ಒಂದೆರಡು ಕೈಗಾರಿಕಾ ಸಂಘಗಳು ಮುಂದೆ ಬಂದು ತಮ್ಮ ಪ್ರದೇಶದ ಕಾಲುವೆಯಿಂದಲೇ ಇದನ್ನು ಆರಂಭಿಸಬಹುದು. ಮೊದಲ ವರ್ಷದ ಅಂಕ ಕಡಿಮೆಯೇ ಇದ್ದೀತು, ಅದಕ್ಕೆ ಅಂಜಬೇಕಾಗಿಲ್ಲ. ಎರಡನೆಯ ವರ್ಷದ ಅಂಕವನ್ನು ಹೋಲಿಸಿ ನೋಡಲು ಮೊದಲ ವರ್ಷದ್ದು ಬೇಕೇ ಬೇಕು. ತಿರುಪ್ಪೂರಿನ ಉದ್ಯಮಿಗಳ ಕೈಯಲ್ಲಿ ಅಂಥ ಪುಟವಿರದೆ ನ್ಯಾಯಾಲಯದ ಆದೇಶವೇ ಅವರ ಮೊದಲ ಲೆಕ್ಕಪತ್ರವಾಯಿತು. ಕರ್ನಾಟಕದ ಸಣ್ಣ ಉದ್ಯಮಿಗಳಿಗೆ ಇನ್ನೂ ಸಮಯವಿದೆ.